ಹೊಸ್ತಿಲು ದಾಟಿದ ಹೋಳಿಗೆ

ನಾನು ಮೂರು ಗಾಲಿಯ ಒಂದು ಮರದ ಗಾಡಿ. ಎತ್ತು ಕಟ್ಟುವ ಗಾಡಿಯಲ್ಲ, ಸಾಮಾನು ಹೇರುವ ಗಾಡಿಯೂ ಅಲ್ಲ. ಎದ್ದು ನಿಲ್ಲಲು ಕಲಿತ ಕೂಸು ಹಿಡಿಕೆ ಹಿಡಿದು, ತಳ್ಳುತ್ತ ತಳ್ಳುತ್ತ ನಡಿಗೆ ಕಲಿಯುತ್ತದಲ್ಲ, ಆ ಗಾಡಿ. ಮುಂದೊಂದು ಗಾಲಿ, ಹಿಂದೆರಡು, ಕೂಸಿನ ಎದೆಯ ಎತ್ತರಕ್ಕೆ ಒಂದು ಅಡ್ಡ ಹಿಡಿಕೆ. ಇಷ್ಟೇ ನನ್ನ ಮೈ. ಈಗಿನವರು ಪ್ಲಾಸ್ಟಿಕ್ಕಿನ ವಾಕರ್ ತರುತ್ತಾರೆ. ಕೂಸನ್ನು ಅದರೊಳಗೆ ಇಳಿಬಿಟ್ಟರೆ ಅದು ಹಾಡು ಹೇಳುತ್ತದೆ, ದೀಪ ಮಿಣುಕಿಸುತ್ತದೆ, ನಡೆಯುವುದೊಂದನ್ನು ಬಿಟ್ಟು ಎಲ್ಲವನ್ನೂ ಕಲಿಸುತ್ತದೆ. ನನಗೆ ಹಾಡು ಬರುವುದಿಲ್ಲ. ಗಾಲಿಗೆ ಎಣ್ಣೆ ಬಿಡದಿದ್ದರೆ ಕಿರುಗುಟ್ಟುತ್ತೇನೆ, ಅದನ್ನೇ ಹಾಡು ಅಂದುಕೊಳ್ಳಬೇಕು.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಬಡಿಗೇರ ಮೌನೇಶಪ್ಪನ ಕೈಯಲ್ಲಿ. ಯಾರದೋ ಹೊಸ ಮನೆಯ ಬಾಗಿಲಿಗೆ ತಂದ ತೇಗದಲ್ಲಿ ಉಳಿದ ತುಂಡು ನನ್ನ ಹಿಡಿಕೆಯಾಯಿತು. ಗಾಲಿಗಳು ಜಾಲಿಯವು. ಮೊಮ್ಮಗನಿಗೆಂದು ನನ್ನನ್ನು ಮಾಡಿದ ಮೌನೇಶಪ್ಪ ಹಿಡಿಕೆಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ. ನಡುನಡುವೆ ಅದನ್ನು ತನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದ. ಕೂಸಿನ ಅಂಗೈಗೆ ಸಿಬಿರು ಚುಚ್ಚಬಾರದಲ್ಲ. ಊರವರ ಬಾಗಿಲುಗಳಿಗೆ ಅವನು ಅಷ್ಟು ಮುದ್ದು ಮಾಡಿದ್ದನ್ನು ನಾನು ಕಾಣೆ.

ಮೊಮ್ಮಗ ಬೇಗನೆ ನಡೆದ. ನಡೆದವನು ನನ್ನನ್ನು ತಿರುಗಿ ನೋಡಿಯಾನೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಕೆಲವು ದಿನ ನನಗೆ ಹಗ್ಗ ಕಟ್ಟಿ ಇಟ್ಟಿಗೆ ಚೂರು ಎಳೆಸಿದ, ಆಮೇಲೆ ಮರೆತ. ಮನೆಯ ಸೊಸೆ ನೀರೊಲೆಗೆ ಕಟ್ಟಿಗೆ ಸಾಲದಾದಾಗಲೆಲ್ಲ ನನ್ನ ಕಡೆ ನೋಡತೊಡಗಿದಳು. ಅದನ್ನು ಕಂಡ ಮೌನೇಶಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಹಾಲಮ್ಮನಿಗೆ ಕೊಟ್ಟುಬಂದ.

ಹಾಲಮ್ಮ ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಮಂಡಕ್ಕಿ ಭಟ್ಟಿಗಳ ಓಣಿಯ ತುದಿಗೆ ಒಂದು ಸಮುದಾಯ ಭವನವಿದೆ. ಅದರ ಪಡಸಾಲೆಯನ್ನು ಹಿರಿಯರ ಹತ್ತಿರ ಕೇಳಿ ಪಡೆದು ಅವಳು ಒಂದು ಗುಂಪು ನಡೆಸುತ್ತಿದ್ದಳು. ಓಣಿಯ ಹೆಂಗಸರು ಅದನ್ನು ಕೂಸಾಟ ಎನ್ನುತ್ತಿದ್ದರು. ನಸುಕಿಗೆ ಭಟ್ಟಿಗೆ ಹೋಗಿ ಬಿಸಿ ಉಸುಕಿನ ಮುಂದೆ ಮೈ ಸುಟ್ಟುಕೊಂಡವರು ಮಧ್ಯಾಹ್ನ ಕೈಕಾಲು ತೊಳೆದು, ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ಅಲ್ಲಿಗೆ ಬರುತ್ತಿದ್ದರು. ಹೊಸದಾಗಿ ಬಂದವರು ಎಲ್ಲರೂ ಮಾಡುವ ತಪ್ಪು ಒಂದೇ.

"ಅಕ್ಕಾ, ಕೂಸನ್ನ ಇಲ್ಲೇ ಬಿಟ್ಟಿರ್ತೀನಿ, ನೀರು ತುಂಬಿ ಬರ್ತೀನಿ."

"ಬಿಟ್ಟು ಹೋಗಾಂಗಿಲ್ಲವ್ವ," ಎನ್ನುತ್ತಿದ್ದಳು ಹಾಲಮ್ಮ. "ಇದೇನು ಬಾಲವಾಡಿ ಅಲ್ಲ. ಕೂಸಿನ ಸಂಗಡ ನೀನೂ ಕುಂತು ಆಡಬೇಕು. ಆಡಾಕ ಬರ್ತೈತೋ ಇಲ್ಲೋ?"

ಬರುತ್ತಿರಲಿಲ್ಲ. ಮೂರು ಹೆತ್ತವಳಿಗೂ ಆಡಲು ಬರುತ್ತಿರಲಿಲ್ಲ. ಏಳೆಂಟು ವರ್ಷಕ್ಕೆ ತಮ್ಮ ತಂಗಿಯರನ್ನು ಎತ್ತಿಕೊಂಡು ಓಡಾಡಿದವರು ಆಟವನ್ನೆಲ್ಲಿ ಕಲಿತಿರಬೇಕು? ಮೊದಲು ಸೆರಗು ಬಾಯಿಗೆ ಹಿಡಿದು ನಾಚುತ್ತಿದ್ದರು. ಆಮೇಲೆ ನೋಡಬೇಕಿತ್ತು ಅವರ ಹುಮ್ಮಸ್ಸನ್ನು! ತಟ್ಟೆಯಲ್ಲಿ ಮಂಡಕ್ಕಿ ಸುರುವಿ ಕೂಸಿನ ಕೈಯಲ್ಲಿ ಒಂದೊಂದೇ ಕಾಳು ಹೆಕ್ಕಿಸುವುದು, ಕರಟದಿಂದ ಕರಟಕ್ಕೆ ನೀರು ಸುರುವಿಸುವುದು, ಸೆರಗಿನ ಮರೆಯಲ್ಲಿ ಅವಿತು ಕೂ ಎನ್ನುವುದು. ಕೂಸು ಆಡಿ ದಣಿದು ಮಲಗಿದ ಮೇಲೂ ತಾಯಂದಿರು ಕರಟ ಬಿಡುತ್ತಿರಲಿಲ್ಲ. ಆಡುತ್ತಲೇ ಮನೆಯ ಮಾತು ಬರುತ್ತಿತ್ತು. ಹಾಲು ಬರದ ಸಂಕಟ, ಗಂಡನ ಕುಡಿತ, ನಿದ್ದೆಯಿಲ್ಲದ ರಾತ್ರಿ. ಒಬ್ಬಳು ಅತ್ತರೆ ಇನ್ನೊಬ್ಬಳು ಅವಳ ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ನಾನು ನೆಲಮಟ್ಟದಲ್ಲಿ ಇರುವವನು, ಮುಖಕ್ಕಿಂತ ಪಾದಗಳನ್ನೇ ಹೆಚ್ಚು ಬಲ್ಲೆ. ಭಟ್ಟಿಯ ಬೂದಿ ಬೆರಳ ಸಂದಿಯಲ್ಲಿ ಉಳಿದ ಪಾದಗಳು ಪಡಸಾಲೆಗೆ ಬಂದು ಚಾಚಿಕೊಂಡು ಕುಳಿತಾಗ ನನಗೂ ಹಾಯೆನಿಸುತ್ತಿತ್ತು.

ನಮ್ಮ ಕಡೆ ಕೂಸು ಮೊದಲ ಸಲ ತಾನೇ ಹೊಸ್ತಿಲು ದಾಟಿದರೆ ಹೋಳಿಗೆ ಮಾಡಿ ಹಂಚುತ್ತಾರೆ. ಹಾಲಮ್ಮ ಆ ಪದ್ಧತಿಯನ್ನು ಕೂಸಾಟಕ್ಕೂ ತಂದಿದ್ದಳು. ಕೂಸು ನನ್ನನ್ನು ಭವನದ ಹೊಸ್ತಿಲವರೆಗೆ ತಳ್ಳಿಕೊಂಡು ಬರಬೇಕು, ಹಿಡಿಕೆ ಬಿಡಬೇಕು, ಕಾಲೆತ್ತಿ ಆಚೆ ಇಡಬೇಕು. ಇಟ್ಟರೆ ಹೆಂಗಸರೆಲ್ಲ ಕೇಕೆ ಹಾಕುತ್ತಿದ್ದರು. ಮರುದಿನ ಆ ಮನೆಯಿಂದ ಹೋಳಿಗೆ ಬರುತ್ತಿತ್ತು, ನನ್ನ ಹಿಡಿಕೆಗೆ ಅರಿಸಿನ ಕುಂಕುಮ ಬೀಳುತ್ತಿತ್ತು. ಪರ್ವೀನಳ ಮಗ ದಾಟಿದಾಗ ಅವಳು, "ನನಗೆ ಹೋಳಿಗಿ ಮಾಡಾಕ ಬರಾಂಗಿಲ್ಲ ಹಾಲಮ್ಮಕ್ಕ," ಎಂದು ಶ್ಯಾವಿಗೆ ಪಾಯಸ ತಂದಳು. ಹಾಲಮ್ಮ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು, "ಹೋಳಿಗಿ ಭಾರಿ ಚಲೋ ಆಗೈತಿ," ಎಂದು ಸೊರ್ರನೆ ಕುಡಿದಳು. ಆ ದಿನ ನಕ್ಕ ನಗು ಓಣಿಯ ತುದಿಗೂ ಕೇಳಿರಬೇಕು.

ಅಂಥ ದಿನಗಳಲ್ಲೇ ನಾಗವೇಣಿ ಬಂದಳು. ಮಗಳು ಸಿಂಚನಾ ಕಂಕುಳಲ್ಲಿದ್ದಳು. ಎರಡು ವರ್ಷ ತುಂಬುತ್ತ ಬಂದಿದ್ದರೂ ಕೂಸಿಗೆ ಆನಿಕೆಯಿಲ್ಲದೆ ಕೂರಲು ಬರುತ್ತಿರಲಿಲ್ಲ. ನಿಲ್ಲಿಸಿದರೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯುತ್ತಿದ್ದವು. ಕಣ್ಣು ಮಾತ್ರ ಚುರುಕು. ಯಾರು ಕೂ ಅಂದರೂ ಬಾಯಿ ತುಂಬ ನಗುತ್ತಿತ್ತು.

"ಹುಟ್ಟಿದಾಗ ಅಳಾಕ ತಡ ಮಾಡಿದ್ಲು ಅಕ್ಕ," ಎಂದಳು ನಾಗವೇಣಿ. "ನಮ್ಮತ್ತಿ, ನಮ್ಮ ಮನಿತನದಾಗ ಎಲ್ಲ ನಿಧಾನ, ನಡೀತಾಳ ತಗಾ ಅಂತಾರ."

ಹಾಲಮ್ಮನೂ ಮೊದಲು ಹಾಗೇ ತಿಳಿದಳು. ಹರಳೆಣ್ಣೆ ಹಚ್ಚಿ ತಿಕ್ಕಿದರೆ ಸರಿಹೋದೀತು ಎಂದಳು, ತಿಂಗಳುಗಟ್ಟಲೆ ತಿಕ್ಕಿದಳು ಕೂಡ. ಆಮೇಲೆ ಅವಳಿಗೇ ಅನುಮಾನ ಬಂದು ತಾಯಿ ಮಗಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಮೇಡಂ ಕೂಸನ್ನು ಚೆನ್ನಾಗಿ ನೋಡಿ, ಮಿದುಳಿನ ಮಾತು ಕಾಲಿಗೆ ಸರಿಯಾಗಿ ಮುಟ್ಟುತ್ತಿಲ್ಲ ಎಂದರಂತೆ. ಸ್ನಾಯು ಬಿಗಿದು ಗಟ್ಟಿಯಾಗುವ ಮೊದಲು ದಿನಾ ಎಳೆದು ವ್ಯಾಯಾಮ ಮಾಡಿಸಬೇಕು, ಒಂದು ದಿನವೂ ಬಿಡಬಾರದು, ಆಗಾಗ ಬಂದು ತೋರಿಸಬೇಕು. ಮಾಡಿದರೆ ಕೂರುತ್ತಾಳೆ, ನಿಲ್ಲಲೂಬಹುದು. ಬಿಟ್ಟರೆ ಕಾಲು ಹಾಗೇ ಕೂತುಬಿಡುತ್ತದೆ.

ಆ ವ್ಯಾಯಾಮ ಒಬ್ಬಳ ಕೈಯಲ್ಲಿ ಆಗುವಂಥದ್ದಲ್ಲ. ಕೂಸು ನೋವಿಗೆ ಚೀರುತ್ತಿತ್ತು. ಒಬ್ಬಳು ಸೊಂಟ ಹಿಡಿಯಬೇಕು, ಒಬ್ಬಳು ಕಾಲು ಬಿಡಿಸಬೇಕು, ಒಬ್ಬಳು ಎದುರು ಕುಳಿತು ಕರಟ ಬಡಿದು ನಗಿಸಬೇಕು. ಕೂಸಾಟದಲ್ಲಿ ಕೈಗಳಿಗೇನು ಬರವೇ? ಪರ್ವೀನ್ ನಗಿಸುವುದರಲ್ಲಿ ಎತ್ತಿದ ಕೈ. ಸೆರಗನ್ನು ಮೂಗಿಗೆ ಸುತ್ತಿಕೊಂಡು ಆನೆಯಾಗುತ್ತಿದ್ದಳು. ವ್ಯಾಯಾಮ ಮುಗಿದ ಮೇಲೆ ನಾಲ್ಕು ಕೈ ಸೇರಿ ಸಿಂಚನಾಳನ್ನು ನನ್ನ ಹಿಂದೆ ನಿಲ್ಲಿಸುತ್ತಿದ್ದವು. ಕೂಸಿನ ಮುಷ್ಟಿ ನನ್ನ ಹಿಡಿಕೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಕಾಲಿನಲ್ಲಿ ಇಲ್ಲದ ಬಲವೆಲ್ಲ ಆ ಮುಷ್ಟಿಯಲ್ಲಿತ್ತು.

ಒಂದು ಮಧ್ಯಾಹ್ನ ಅವಳ ಭಾರ ನನ್ನ ಮೇಲೆ ಬಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎತ್ತಿ ಹಿಡಿದ ಕೂಸಿನ ಭಾರ ಎತ್ತಿದವರ ಕೈಯಲ್ಲಿರುತ್ತದೆ, ನನ್ನ ಮೇಲೆ ಬೀಳುವುದಿಲ್ಲ. ತಾನೇ ನಿಂತ ಕೂಸು ಹಿಡಿಕೆಗೆ ಒರಗುತ್ತದೆ, ಗಾಲಿ ನೆಲವನ್ನು ಒತ್ತುತ್ತದೆ. ಅಂದು ಒತ್ತಿತು. ಗೇಣಿನಷ್ಟು ದೂರ ನಾನು ಮುಂದೆ ಸರಿದೆ, ತಳ್ಳಿದ್ದು ಸಿಂಚನಾ. ನಾಗವೇಣಿ ಅಲ್ಲೇ ಕುಸಿದು ಕುಳಿತು ಅತ್ತಳು. ನನ್ನ ಬದುಕಿನ ಒಳ್ಳೆಯ ದಿನ ಯಾವುದೆಂದು ಕೇಳಿದರೆ ಅದೇ. ಅದರ ನಂತರ ಅಂಥದ್ದು ಬರಲಿಲ್ಲ.

ನಾಗವೇಣಿಯ ಅತ್ತೆ ತಿಪ್ಪಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಈ ಕತೆ ಬೇರೆಯಾಗುತ್ತಿತ್ತು. ಮೊಮ್ಮಗಳೆಂದರೆ ಪ್ರಾಣ ಬಿಡುತ್ತಿದ್ದ ಮುದುಕಿ ಅವಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಬೆಳ್ಳಿ ಕಾಲ್ಗೆಜ್ಜೆ ಮಾಡಿಸಿ ಇಟ್ಟಿದ್ದಳು. ಸಿಹಿಯೆಂದರೆ ಬಿಡದವಳು ಒಂದು ಹರಕೆ ಹೊತ್ತಿದ್ದಳು. ಸಿಂಚನಾ ಹೊಸ್ತಿಲು ದಾಟಿದ ಹೋಳಿಗೆ ತಿನ್ನುವವರೆಗೂ ಬೇರೆ ಸಿಹಿ ಮುಟ್ಟುವುದಿಲ್ಲ ಎಂದು. ಹಬ್ಬ ಬಂತು, ಹೋಯಿತು. ತಿಪ್ಪಮ್ಮ ಮುಟ್ಟಲಿಲ್ಲ.

ಭವನದಲ್ಲಿ ಯಾರದೋ ಮದುವೆ ಬಂತು. ಪಡಸಾಲೆ ತೆರವು ಮಾಡಬೇಕಾಗಿ ಕೂಸಾಟದ ಸಾಮಾನನ್ನು ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದರು. ನಾನು ನಾಗವೇಣಿಯ ಪಾಲಿಗೆ ಬಂದೆ. ಅದೇ ಬೆಳಿಗ್ಗೆ ಹರಿಹರದಲ್ಲಿದ್ದ ತಿಪ್ಪಮ್ಮನ ಮಗಳ ಮನೆಯಿಂದ ಡಬ್ಬಿಯಲ್ಲಿ ಹೋಳಿಗೆ ಬಂದಿತ್ತು. ಅವಳ ಕೂಸು ಸಿಂಚನಾಗಿಂತ ಚಿಕ್ಕದು, ಹೊಸ್ತಿಲು ದಾಟಿತ್ತು. ತಿಪ್ಪಮ್ಮ ಡಬ್ಬಿ ತೆರೆದು ಮೂಸಿ ನೋಡಿದಳು, ಮುಚ್ಚಿದಳು, ಪಕ್ಕದ ಮನೆಗೆ ಕೊಟ್ಟುಬಂದಳು. ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಂಡಳು, ಹೊಗೆ ಎಂದಳು. ಒಲೆ ಹೊತ್ತಿರಲೇ ಇಲ್ಲ.

ನಾಗವೇಣಿ ಅದನ್ನು ಕಂಡಳು. ನಾನು ಅವಳ ಪಾದಗಳನ್ನು ನೋಡುತ್ತಿದ್ದೆ. ಒಳಗೆ ಹೋದವು, ಹೊರಗೆ ಬಂದವು, ಮತ್ತೆ ಒಳಗೆ ಹೋದವು. ಆಮೇಲೆ ಅವಳು ಸಿಂಚನಾಗೆ ಹಬ್ಬದ ಉದ್ದ ಲಂಗ ತೊಡಿಸಿದಳು. ಕೂಸನ್ನು ನನ್ನ ಹಿಂದೆ ನಿಲ್ಲಿಸಿ, ಮುಷ್ಟಿಗಳನ್ನು ಹಿಡಿಕೆಗೆ ಕೊಟ್ಟು, ತಾನು ಅದರ ಬೆನ್ನಿಗೆ ಆತು ಕುಕ್ಕರುಗಾಲಲ್ಲಿ ಕುಳಿತಳು. ನಡೆಯಲು ಕಲಿಯುವ ಕೂಸಿನ ಹಿಂದೆ ಎಲ್ಲ ತಾಯಂದಿರೂ ಹಾಗೇ ಇರುತ್ತಾರೆ, ಬಿದ್ದರೆ ಹಿಡಿಯಲೆಂದು. ಒಂದು ಕೈ ಲಂಗದೊಳಗೆ ಹೊಟ್ಟೆಗೆ ಆನಿಸಿ ಎತ್ತಿತ್ತು. ಇನ್ನೊಂದು ಕೈ ಲಂಗದ ಕೆಳಗೆ ಕಾಲುಗಳನ್ನು ಹಿಡಿದಿತ್ತು.

"ಅತ್ತೀ, ಲಗೂನ ಬರ್ರಿ! ಇಲ್ನೋಡ್ರಿ!"

ತಿಪ್ಪಮ್ಮ ಅಂಗಳದ ನಲ್ಲಿಯ ಹತ್ತಿರ ಇದ್ದಳು. ಕೊಡ ಬಿಟ್ಟು ತಿರುಗಿದಳು. ಅವಳ ಕಣ್ಣಿಗೆ ಪೊರೆ ಬರತೊಡಗಿತ್ತು, ಅಲ್ಲಿಂದ ಅವಳಿಗೆ ಕಂಡದ್ದು ಲಂಗ, ಗಾಡಿ, ಕೂಸಿನ ನಗುಮುಖ. ನಾನು ಉರುಳಿದೆ. ನಾಗವೇಣಿ ಮೊಣಕಾಲಿನಿಂದ ದೂಡುತ್ತಿದ್ದಳು. ನನ್ನ ಮುಂದಿನ ಗಾಲಿ ಮನೆಯ ತಗ್ಗು ಹೊಸ್ತಿಲನ್ನು ಕಡಕ್ಕನೆ ಹತ್ತಿ ಇಳಿಯಿತು. ಸಿಂಚನಾಳ ಒಂದು ಕಾಲು ಎದ್ದಿತು, ಆಚೆ ಬಂತು. ಇನ್ನೊಂದು ಕಾಲೂ ಬಂತು. ನನ್ನ ಮೇಲೆ ಕೂಸಿನ ಭಾರ ಗುಲಗಂಜಿಯಷ್ಟೂ ಬೀಳಲಿಲ್ಲ. ಆ ಪಾದಗಳು ನೆಲ ಮುಟ್ಟಲೇ ಇಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಹೇಳುವುದು ಸುಲಭ. ತಿಪ್ಪಮ್ಮ ಓಡಿಬಂದು ಕೂಸನ್ನು ಬಾಚಿಕೊಂಡಳು, ಅದರ ಪಾದಗಳನ್ನು ಕಣ್ಣಿಗೊತ್ತಿಕೊಂಡಳು. ಅಳುತ್ತ, ನಗುತ್ತ, ಓಣಿಗೆಲ್ಲ ಕೂಗಿ ಹೇಳಿದಳು. "ದಾಟಿದ್ಲು! ನನ್ನ ಬಂಗಾರ ದಾಟಿದ್ಲು! ನಾ ಕಣ್ಣಾರೆ ನೋಡಿದೆ!" ನಾಗವೇಣಿ ಅತ್ತೆಗೊಬ್ಬಳಿಗೆ ಒಂದು ಹೋಳಿಗೆ ತಿನ್ನಿಸಬೇಕೆಂದಿದ್ದಳು, ಅಷ್ಟೇ. ಅದು ಮನೆಯೊಳಗೇ ಮುಗಿಯುತ್ತದೆ ಎಂದುಕೊಂಡಿದ್ದಳು. ಮುದುಕಿಗೆ ರೆಕ್ಕೆ ಬಂದದ್ದನ್ನು ನೋಡಿ ಅವಳು ಬಾಗಿಲ ಮರೆಗೆ ಸರಿದಳು.

ಮರುದಿನ ಇಡೀ ಓಣಿಗೆ ಹೋಳಿಗೆ. ಮದುವೆ ಮುಗಿದು ಭವನ ತೆರೆದ ದಿನ ತಿಪ್ಪಮ್ಮ ತಾನೇ ಬುಟ್ಟಿ ಹೊತ್ತು ಕೂಸಾಟಕ್ಕೆ ಬಂದಳು. ಹಿಂದೆ ನಾಗವೇಣಿ, ಕಂಕುಳಲ್ಲಿ ಸಿಂಚನಾ, ಕೈಯಲ್ಲಿ ನಾನು. ಹೆಂಗಸರು ಕೇಕೆ ಹಾಕಿದರು. ಪರ್ವೀನ್ ಕೂಸಿಗೆ ಮುತ್ತಿಟ್ಟು, "ಇನ್ನ ನಮ್ಮ ಸಿಂಚನಾ ಓಡ್ತಾಳ ನೋಡ್ತಿರ್ರಿ," ಎಂದಳು. ಯಾರೋ, "ಏ, ಇಲ್ಲೊಮ್ಮೆ ನಡಿಸೇ ನಾಗವೇಣಿ," ಎಂದರು. ನಾಗವೇಣಿ, ಮೈ ಬೆಚ್ಚಗೈತಿ, ಇವತ್ತು ಬ್ಯಾಡ ಎಂದಳು.

ಹಾಲಮ್ಮ ಕೂಸಿನ ಕಾಲನ್ನು ಮುಟ್ಟಿ ನೋಡಿದಳು. ನಿತ್ಯ ಬಿಡಿಸುತ್ತಿದ್ದ ಕಾಲು, ಅವಳಿಗೆ ಗೊತ್ತಾಗದಿರುತ್ತದೆಯೆ? ಅವಳ ಕೈ ಅಲ್ಲೇ ನಿಂತಿತು. ಎದುರಿಗೆ ತಿಪ್ಪಮ್ಮ ಹೋಳಿಗೆ ಚಾಚಿ ನಿಂತಿದ್ದಳು, ಮುಖ ಅರಳಿತ್ತು. ಹಾಲಮ್ಮನಿಗೆ ಅದು ನುಂಗಲಾರದ ಬಿಸಿ ತುಪ್ಪ. ಕೊನೆಗೆ ಹೋಳಿಗೆ ಇಸಿದುಕೊಂಡು ತಿಂದಳು. ನನ್ನ ಹಿಡಿಕೆಗೆ ಕುಂಕುಮವನ್ನೂ ಹಚ್ಚಿದಳು.

ಸಂಜೆ ಎಲ್ಲರೂ ಹೋದ ಮೇಲೆ ಹಾಲಮ್ಮ ನಾಗವೇಣಿಯನ್ನು ಹತ್ತಿರ ಕೂರಿಸಿಕೊಂಡಳು.

"ನಿಮ್ಮತ್ತಿಗೆ ನಿಜ ಹೇಳಿಬಿಡವ್ವ. ಇವತ್ತು ಬೈತಾಳ, ನಾಳೆ ಸುಮ್ಮನಾಗ್ತಾಳ."

"ಅತ್ತಿ ಹೋಳಿಗಿ ತಿಂದಾರ ಅಕ್ಕ," ಎಂದಳು ನಾಗವೇಣಿ. "ತಿನ್ನುವಾಗ ಅವರ ಮಕ ನೀವು ನೋಡಿಲ್ಲ."

"ಹಂಗಾರ ನೀ ಸುಮ್ಮನ ಕೂಸನ್ನ ಕರ್ಕೊಂಡು ಬಾ. ವ್ಯಾಯಾಮ ಬಿಡಾಂಗಿಲ್ಲ. ಕೇಳಿದೋರಿಗೆ ನಾ ಏನಾರ ಹೇಳ್ತೀನಿ."

ನಾಗವೇಣಿ ಹೂಂ ಎಂದಳು. ಅಂದು ತಿಪ್ಪಮ್ಮ, ಕೂಸಿನ ಕಾಲು ಪಳಗುವವರೆಗೆ ಗಾಡಿ ಮನೆಯಲ್ಲೇ ಇರಲಿ ಎಂದು ಹಾಲಮ್ಮನನ್ನು ಕೇಳಿದ್ದಳು. ಹಾಗೆ ನಾನು ನಾಗವೇಣಿಯ ಜೊತೆ ಮನೆಗೆ ಬಂದೆ. ಮರುದಿನ ಅವಳು ಕೂಸಾಟಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಹೇಗೆ ಹೋದಾಳು? ಹೋದರೆ, ನಡಿಸು, ಎನ್ನುತ್ತಾರೆ. ಮನೆಯಲ್ಲಿ ಒಬ್ಬಳೇ ಕಾಲು ಎಳೆದರೆ ಕೂಸು ಚೀರುತ್ತಿತ್ತು, ತಿಪ್ಪಮ್ಮ ಓಡಿಬಂದು ಕಸಿದುಕೊಳ್ಳುತ್ತಿದ್ದಳು. "ನಡಿಯೋ ಕೂಸಿನ ಕಾಲು ಯಾಕ ತಿರುವ್ತೀಯೇ? ತಲಿ ಕೆಟ್ಟೈತೇನು ನಿನಗ?" ನಡೆದ ಕೂಸಿಗೆ ಆಸ್ಪತ್ರೆ ಯಾಕೆ, ವ್ಯಾಯಾಮ ಯಾಕೆ? ಗಂಡ ಲಾರಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವನಿಗೂ ಫೋನಿನಲ್ಲಿ ಮಗಳು ನಡೆದ ಸುದ್ದಿಯೇ ಮುಟ್ಟಿತ್ತು, ಊರೂರಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ದಿನ ಕಳೆದಂತೆ ತಿಪ್ಪಮ್ಮನಿಗೆ ಚಿಂತೆ ಹತ್ತಿತು. ಗಾಡಿಗೆ ನಿಲ್ಲಿಸಿದರೆ ಕೂಸು ಜೋಲುತ್ತಿತ್ತು. ಜ್ವರ ಎಂದಳು ನಾಗವೇಣಿ, ಕಾಲುನೋವು ಎಂದಳು. ಎಷ್ಟು ದಿನ ಹೇಳಿಯಾಳು? ನಾನಂತೂ ಮುದುಕಿಗೆ ಈಗ ತಿಳಿಯುತ್ತದೆ, ಬೈದಾಡಿ ಮುಗಿಯುತ್ತದೆ, ಮತ್ತೆ ಪಡಸಾಲೆಗೆ ಹೋಗುತ್ತೇವೆ ಎಂದು ಕಾಯುತ್ತಿದ್ದೆ. ಮರದ ಬುದ್ಧಿ ನನ್ನದು. ತಾನು ಕಣ್ಣಾರೆ ಕಂಡದ್ದನ್ನು ತಿಪ್ಪಮ್ಮ ಅನುಮಾನಿಸಲೇ ಇಲ್ಲ. ಅವಳ ಲೆಕ್ಕವೇ ಬೇರೆಯಾಯಿತು.

"ನಡೀತಿದ್ದ ಕೂಸು ನಿಂತುಹೋತಲ್ಲೇ! ಯಾರದೋ ಕಣ್ಣು ಬಿದ್ದೈತಿ."

ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದು ಅರ್ಥ. ತಿಪ್ಪಮ್ಮ ಕಟ್ಟೆಯ ಮೇಲೆ ಕುಳಿತು ಹೋಗುವವರಿಗೆ ಬರುವವರಿಗೆ ಹೇಳತೊಡಗಿದಳು. ಕೂಸಾಟದಲ್ಲಿ ಅಷ್ಟು ಜನ ನೋಡಿದರು, ಕೇಕೆ ಹಾಕಿದರು, ಹೋಳಿಗೆ ತಿಂದರು. ಅಲ್ಲೇ ಬಿತ್ತು ಕಣ್ಣು. ಓಡ್ತಾಳ ಅಂದವಳು ಯಾರು, ನೆನಪು ಮಾಡಿಕೊಳ್ಳಿರಿ ಎಂದೂ ಹೇಳಿದಳು. ಊರ ಬಾಯಿಗೆ ಮುಚ್ಚಳವುಂಟೆ? ಆ ಮಾತು ಪರ್ವೀನಳ ಕಿವಿಗೂ ಬಿತ್ತು. ಅವಳು ಕೂಸಾಟಕ್ಕೆ ಬರುವುದನ್ನು ಬಿಟ್ಟಳಂತೆ. ಉಳಿದವರೂ ಕೂಸಿನ ಹಣೆಗೆ ದೊಡ್ಡ ಕಾಡಿಗೆ ಬೊಟ್ಟಿಟ್ಟು ತಂದರು, ಆಮೇಲೆ ತರುವುದನ್ನೇ ಕಡಿಮೆ ಮಾಡಿದರು. ಒಬ್ಬಳ ಕೂಸಿನ ಕಡೆ ಇನ್ನೊಬ್ಬಳು ನೋಡಿದರೆ ಸೆರಗು ಎಳೆದುಕೊಳ್ಳುವಷ್ಟಾಯಿತು.

ಒಂದು ಸಂಜೆ ಹಾಲಮ್ಮ ನಮ್ಮ ಮನೆಗೆ ಬಂದಳು. ಒಡೆದ ಹಿಮ್ಮಡಿಯ ಆ ಪಾದಗಳು ಹೊಸ್ತಿಲ ಹೊರಗೇ ನಿಂತವು. ತಿಪ್ಪಮ್ಮ ಒಳಗೆ ಕರೆಯಲಿಲ್ಲ.

"ನಿನ್ನ ಕೂಸಾಟನೇ ನನ್ನ ಮೊಮ್ಮಗಳ ಕಾಲು ತಿಂತು, ಹಾಲವ್ವ. ಆ ಪರ್ವೀನಳ ಕಣ್ಣು. ಅಲ್ಲ ಅನ್ನು ನೋಡೋಣ."

ಹಾಲಮ್ಮ ನಾಗವೇಣಿಯನ್ನು ನೋಡಿದಳು. ನಾಗವೇಣಿ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಒಂದು ಮಾತು ಸಾಕಿತ್ತು. ನಾನೇ ಎತ್ತಿ ದಾಟಿಸಿದೆ ಅತ್ತಿ, ಅಂದರೆ 'ಕಣ್ಣು' ಹೋಗುತ್ತಿತ್ತು, ಪರ್ವೀನಳ ಮೇಲಿನ ಅಪವಾದ ಹೋಗುತ್ತಿತ್ತು, ಸಿಂಚನಾಗೆ ಆ ಕೈಗಳೆಲ್ಲ ವಾಪಸು ಸಿಗುತ್ತಿದ್ದವು. ನಾಗವೇಣಿಯ ತುಟಿ ಅಲುಗಿತು. ಅವಳು ಅತ್ತೆಯ ಕಡೆ ನೋಡಿದಳು, ಗಂಡನ ಫೋಟೋದ ಕಡೆ ನೋಡಿದಳು, ತಲೆ ತಗ್ಗಿಸಿದಳು. ಅವಳನ್ನು ಬೈಯಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಹೊತ್ತಿಗೆ ಸುಳ್ಳು ಅವಳಿಗಿಂತ ದೊಡ್ಡದಾಗಿ ಬೆಳೆದಿತ್ತು. ಈಗ ಬಾಯಿಬಿಟ್ಟರೆ ಹೋಳಿಗೆ ತಿಂದ ಓಣಿಯೆಲ್ಲ ಅವಳ ಮೇಲೆ ಬೀಳುತ್ತಿತ್ತು.

ಹಾಲಮ್ಮ ತಿಪ್ಪಮ್ಮನ ಕಡೆ ತಿರುಗಿದಳು. ಆಮೇಲೆ ಹೇಳಿದಳು.

"ಪರ್ವೀನಂದಲ್ಲ ತಿಪ್ಪವ್ವ. ಆ ಹುಡುಗಿ ಮನಸು ತಿಳಿನೀರು. ನನ್ನ ಕಣ್ಣೇ ಇರಬೇಕು. ನನಗ ಮಕ್ಕಳು ಮರಿ ಇಲ್ಲ. ನಿನ್ನ ಕೂಸು ನೋಡಿ ಆಸಿ ಪಟ್ಟಿದ್ದೆ."

ತಿಪ್ಪಮ್ಮ ದಂಗಾದಳು. ನಾಗವೇಣಿ ಮುಖ ಮುಚ್ಚಿಕೊಂಡಳು. ಹಾಲಮ್ಮ ಪರ್ವೀನ್, ನಾಗವೇಣಿ ಇಬ್ಬರನ್ನೂ ಉಳಿಸಲು ಹಾಗೆಂದಳು. ಆದರೆ ಮಕ್ಕಳಿಲ್ಲದವಳು ತಾನೇ ಒಪ್ಪಿಕೊಂಡ ಮೇಲೆ ಅವಳ ಹತ್ತಿರ ಯಾರು ಕೂಸನ್ನು ತರುತ್ತಾರೆ? ಒಂದು ಕೂಸೂ ಬರಲಿಲ್ಲ. ಕೆಲವು ದಿನ ಹಾಲಮ್ಮ ಪಡಸಾಲೆಯಲ್ಲಿ ಕರಟಗಳನ್ನು ಹರಡಿ ಒಬ್ಬಳೇ ಕುಳಿತಿದ್ದಳಂತೆ. ಆಮೇಲೆ ಹರಪನಹಳ್ಳಿಯ ತಂಗಿಯ ಮನೆಗೆ ಹೊರಟುಹೋದಳು. ಭವನದ ಹಿರಿಯರು ಪಡಸಾಲೆಯಲ್ಲಿ ಶಾಮಿಯಾನದ ಕಂಬ, ಕುರ್ಚಿ ಪೇರಿಸಿದರು. ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ, ನಾನು ಈ ಮನೆಯ ಮೂಲೆಗೇ ಉಳಿದೆ.

ಸಿಂಚನಾಳ ಕಾಲು ಆಸ್ಪತ್ರೆಯ ಮೇಡಂ ಹೇಳಿದ ಹಾಗೇ ಆಯಿತು. ಮೊಣಕಾಲು ಮಡಚಿದ್ದು ಮತ್ತೆ ಬಿಚ್ಚಲಿಲ್ಲ. ಒಮ್ಮೆ ನಾಗವೇಣಿ ಧೈರ್ಯ ಮಾಡಿ, ಅತ್ತೆಗೆ ಹೇಳದೆ ಕೂಸನ್ನು ಹೊತ್ತು ಅಲ್ಲಿಗೆ ಹೋದಳು. ಬಂದವಳು ಎರಡು ದಿನ ಕೂಸನ್ನು ಮಡಿಲಿನಿಂದ ಇಳಿಸಲಿಲ್ಲ. ಇನ್ನು ನಿಲ್ಲಿಸುವ ಮಾತಿಲ್ಲ, ಬೆನ್ನು ಬಾಗದಂತೆ ನೋಡಿಕೊಳ್ಳಿ ಎಂದರಂತೆ. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಅತ್ತೆಯ ಎದುರು ಕುಳಿತಳು.

"ಅತ್ತೀ, ಅವತ್ತು ಸಿಂಚನಾ ನಡಿಲಿಲ್ಲ. ನಾನೇ ಕಾಲು ಎತ್ತಿ ಇಟ್ಟೆ. ಸುಳ್ಳು ಅದು."

ತಿಪ್ಪಮ್ಮನ ಕಣ್ಣು ಅಷ್ಟರಲ್ಲಿ ಪೂರ್ತಿ ಮಂಜಾಗಿತ್ತು. ಅವಳು ಸೊಸೆಯ ತಲೆಯನ್ನು ತಡಕಿ ಸವರಿದಳು.

"ಹಂಗನ್ನಬ್ಯಾಡ ಮಗಳೇ. ದುಃಖಕ್ಕ ಏನೇನೋ ಅಂತೀ. ನಾ ನೋಡೀನಿ. ಈ ಹಾಳು ಕಣ್ಣು ಒಂದು ಒಳ್ಳೇದು ನೋಡೈತಿ ಅಂದ್ರ ಅದೊಂದ."

ನಾಗವೇಣಿ ಮತ್ತೆ ಹೇಳಲಿಲ್ಲ. ತಿಪ್ಪಮ್ಮ ಸಾಯುವವರೆಗೂ ಮನೆಗೆ ಬಂದವರಿಗೆಲ್ಲ ಮೊಮ್ಮಗಳು ನಡೆದ ಕತೆ ಹೇಳಿದಳು. ಹೇಳುತ್ತ ಹೇಳುತ್ತ ಅದು ಬೆಳೆಯಿತು. ಮೊದಲು ಹೊಸ್ತಿಲು ದಾಟಿದ್ದಳು, ಆಮೇಲೆ ಅಂಗಳಕ್ಕೆ ಹೋಗಿದ್ದಳು, ಕೊನೆಕೊನೆಗೆ ನಲ್ಲಿಯವರೆಗೂ ಓಡಿಬಂದು ಅಜ್ಜಿಯ ಸೀರೆ ಹಿಡಿದಿದ್ದಳು. ಪ್ರತಿ ಸಲವೂ ನಾಗವೇಣಿಯ ಕಡೆ ತಿರುಗಿ, "ಹೌದಲ್ಲ?" ಎನ್ನುತ್ತಿದ್ದಳು. ನಾಗವೇಣಿ ಹೂಂ ಎನ್ನುತ್ತಿದ್ದಳು.

ಈಗ ನನಗೆ ಮುಪ್ಪು. ಹಿಂದಿನ ಒಂದು ಗಾಲಿ ಬಿದ್ದುಹೋಗಿದೆ. ಹಿಡಿಕೆಗೆ ಗೆದ್ದಲು ಹತ್ತಿ ಒಳಗೆ ಟೊಳ್ಳಾಗಿದೆ. ಸಿಂಚನಾ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಇರುತ್ತಾಳೆ, ದೊಡ್ಡ ಹುಡುಗಿಯಾಗಿದ್ದಾಳೆ. ಮಲಗಿದಲ್ಲಿಂದಲೇ ಕೈ ಚಾಚಿ ನನ್ನ ಮುಂದಿನ ಗಾಲಿಯನ್ನು ತಿರುಗಿಸುತ್ತಾಳೆ. ತಿರುಗಿದಾಗ ನಗುತ್ತಾಳೆ. ನಡೆಸಲೆಂದು ಹುಟ್ಟಿದವನು ನಾನು, ಕೊನೆಗೆ ಆಟದ ಚಕ್ರವಾದೆ. ಅದಾದರೂ ಆದೆನಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಸಮಾಧಾನವಾಗುವುದಿಲ್ಲ. ಒಂದು ಗೇಣು ತಳ್ಳಿದ್ದಳು ಈ ಹುಡುಗಿ. ಅದು ನಿಜವಾಗಿತ್ತು. ಆ ಗೇಣಿನ ಸುದ್ದಿಯನ್ನು ಈ ಮನೆಯಲ್ಲಿ ಯಾರೂ ಯಾವತ್ತೂ ಎತ್ತಲಿಲ್ಲ, ಅದಕ್ಕೆ ಯಾರೂ ಹೋಳಿಗೆ ಮಾಡಲಿಲ್ಲ.

ಮೊನ್ನೆ ರೇಣುಕಾ ಎಂಬ ಎಳೆ ವಯಸ್ಸಿನ ತಾಯಿ ಬಂದಳು. ಭಟ್ಟಿಗೆ ಹೊಸದಾಗಿ ಸೇರಿದವಳು, ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದಾಳೆ. ಕಂಕುಳಲ್ಲಿ ಗಂಡು ಕೂಸು. ಅದರ ಕಾಲುಗಳನ್ನು ನಾನು ಕೆಳಗಿನಿಂದ ನೋಡಿದೆ. ಒಂದರ ಮೇಲೊಂದು ಹಾಯ್ದಿದ್ದವು.

"ಅಕ್ಕಾ, ವರ್ಷ ಮೇಲಾತು, ಇನ್ನೂ ಕೂರಾಂಗಿಲ್ಲ," ಎಂದಳು ರೇಣುಕಾ. "ದೊಡ್ಡಾಸ್ಪತ್ರಿಗೆ ತೋರಿಸ್ಲೇನು? ಮುಂಚೆ ಇಲ್ಲಿ ಕೂಸಾಟ ಅಂತ ಏನೋ ಇತ್ತಂತಲ್ಲ, ತಾಯಂದಿರೆಲ್ಲ ಸೇರ್ತಿದ್ರಂತ. ಅಂಥದ್ದು ಈಗೆಲ್ಲಾದ್ರೂ ಐತೇನು?"

ಹೇಳು, ಎಂದೆ ನಾನು. ಮರಕ್ಕೆ ಬಾಯಿಲ್ಲ, ಆದರೂ ಎಂದೆ. ಹೇಳು ನಾಗವೇಣಿ, ಇವತ್ತೇ ಹೋಗು ಅನ್ನು. ಕಾಲು ಕೂತುಬಿಡುತ್ತದೆ ಅನ್ನು. ಕೈಗಳು ಬೇಕು, ನಾನು ಬರುತ್ತೇನೆ, ಪರ್ವೀನಳನ್ನೂ ಕರೆಯುತ್ತೇನೆ ಅನ್ನು.

ನಾಗವೇಣಿ ಕೂಸಿನ ಕೆನ್ನೆ ಮುಟ್ಟಿದಳು. ಬಾಗಿಲ ಆಚೆ ಈಚೆ ನೋಡಿದಳು.

"ಎಲ್ಲಿಗೂ ಒಯ್ಯಬ್ಯಾಡ. ನಾಕು ಜನರ ಮುಂದ ಹಿಡಿಬ್ಯಾಡ," ಎಂದಳು ತಗ್ಗಿದ ದನಿಯಲ್ಲಿ. "ನನ್ನ ಮಗಳೂ ನಡೀತಿದ್ಲು. ಈ ಹೊಸ್ತಿಲು ದಾಟಿ ನಲ್ಲಿ ತನಕ ಓಡಿದ್ಲು. ಕಣ್ಣು ಬಿತ್ತು ನೋಡು, ಅಲ್ಲಿಗೆ ಮುಗೀತು."

"ನಡೀತಿದ್ಲಾ ಅಕ್ಕ?"

"ಹೂಂ ಮತ್ತ. ನಾ ಹಿಂದ ಕುಂತಿದ್ದೆ, ಬಿದ್ದರ ಹಿಡಿಬೇಕಂತ. ಹಿಡಿಯೋದು ಬೇಕಾಗಲೇ ಇಲ್ಲ. ತಾನ ಹೋದ್ಲು."

ಹೇಳುವಾಗ ಅವಳ ಮುಖ ಬೆಳಗಿತು. ನಾನು ಆ ಮುಖವನ್ನು ಬಹಳ ಹೊತ್ತು ನೋಡಿದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ.

ರೇಣುಕಾ ಕೂಸಿನ ಮುಖದ ಮೇಲೆ ಸೆರಗು ಎಳೆದು, ಕಾಲುಗಳನ್ನೂ ಮುಚ್ಚಿ, ಎದೆಗೆ ಅವಚಿಕೊಂಡು ಮನೆಗೆ ಹೋದಳು. ಒಳಗಿನಿಂದ ಅವಳು ಬಾಗಿಲ ಅಗಳಿ ಹಾಕಿಕೊಂಡದ್ದು ಇಲ್ಲಿಗೂ ಕೇಳಿಸಿತು.